ಗೋಡೆಯ ಮೇಲಿನ ಬೆಕ್ಕು

ಬೈಕಿನ ಸ್ಟಾರ್ಟ್ ಗುಂಡಿ ಒತ್ತಿದ ಟೈಲರಮ್ಮ ಕಾಂಪೌಂಡ್ ಗೋಡೆಯ ಮೇಲೆ ಮಲಗಿದ್ದ ಬೆಕ್ಕನ್ನೇ ನೋಡಿದಳು. ಹುಟ್ಟಿನಿಂದ ಕಿವಿ ಕೇಳದ ಅವಳಿಗೆ ತನ್ನ ಬೈಕಿನ ಸದ್ದು ಎಷ್ಟೆಂದು ತಿಳಿಯುತ್ತಿದ್ದುದು, ದಿನವೂ ಆ ಬೆಕ್ಕು ಎದ್ದುಬಿದ್ದು ಓಡುವುದರಿಂದ.

“ನಿನ್ನ ಗಾಡಿ ಸದ್ದಿಗೆ ಸತ್ತೋರೂ ಎದ್ದು ಕೂರ್ತಾರೆ. ಇನ್ನೊಂದು ದಿನ ಹೀಗಾದ್ರೆ ಮನೆ ಖಾಲಿ ಮಾಡು ತಾಯಿ,” ಎಂದು ಮನೆಯೊಡತಿ ನಿನ್ನೆ ಅವಳಿಗೆ ತಿಳಿಯಲೆಂದು ತುಟಿ ಬಿಡಿಸಿ ಬಿಡಿಸಿ ಹೇಳಿದ್ದಳು. ಸಂಜೆಯೇ ಅವಳು ಗಾಡಿಗೆ ಹೊಸ ಸೈಲೆನ್ಸರ್ ಹಾಕಿಸಿದ್ದಳು. “ಇರುವೆ ನಡೆದಷ್ಟೂ ಸದ್ದು ಬರಲ್ಲ ಅಕ್ಕ,” ಎಂದಿದ್ದ ಮೆಕ್ಯಾನಿಕ್. ನಂಬುವುದು ಹೇಗೆ?

ಅಂಗೈಯ ಕೆಳಗೆ ಟ್ಯಾಂಕ್ ಎಂದಿನಂತೆ ನಡುಗುತ್ತಿತ್ತು. ಬೆಕ್ಕಿನ ಒಂದು ಕಿವಿ ಇತ್ತ ತಿರುಗಿತು. ಟೈಲರಮ್ಮ ಉಸಿರು ಬಿಗಿಹಿಡಿದಳು. ಬೆಕ್ಕು ಆಕಳಿಸಿ ಮತ್ತೆ ಮುದುಡಿಕೊಂಡಿತು.

ಅಷ್ಟರಲ್ಲಿ ಬಾಗಿಲಿಗೆ ಬಂದ ಮನೆಯೊಡತಿಯ ತುಟಿಗಳು ಆಡಿದವು: “ಯಾಕಮ್ಮ, ಇವತ್ತು ಗಾಡಿ ಸ್ಟಾರ್ಟೇ ಆಗ್ಲಿಲ್ವಾ?”