ಪೀಪಾಯಿ ತೊಳೆದ ನೀರು

ಎಲ್ಫ್ರೀಡಾ ಬೇಲಿ ದಾಟಿ ಬಂದವಳೇ ಗಾಟ್ಲೀಬನ ಕೈಯಿಂದ ದುರ್ಬೀನು ಕಿತ್ತುಕೊಂಡಳು. ಹನ್ನೊಂದು ದಿನ ಸಹಿಸಿದ್ದಳು. ಕಲಹಾರಿ ಮರುಭೂಮಿಯ ಬಿಸಿಲು ಏರುವ ಮುಂಚೆ ನಿವೃತ್ತ ಪೊಲೀಸನೊಬ್ಬ ಕುರ್ಚಿ ಹಾಕಿಕೊಂಡು ದಿನವೂ ಪಕ್ಕದವಳ ಹಿತ್ತಲನ್ನೇ ನೋಡುತ್ತಾನೆಂದರೆ ಅದು ಅವಳ ಅಂದಚಂದಕ್ಕಂತೂ ಅಲ್ಲ. ಆ ಭ್ರಮೆ ಅವಳಿಗಿರಲಿಲ್ಲ. ಹಿತ್ತಲಲ್ಲಿದ್ದದ್ದು ಮೂರು ಪೀಪಾಯಿ ಸಜ್ಜೆ ಹೆಂಡ, ಪರವಾನಗಿ ಇಲ್ಲದ್ದು. ಅದು ಹೋದರೆ ಅವಳ ಒಲೆಯೂ ಆರಿದಂತೆ.

“ಪೆನ್ಷನ್ ಸಾಲ್ದಾ ಸಾಹೇಬ್ರೇ? ಯಾರಿಗೆ ವರದಿ ಒಪ್ಪಿಸ್ತಿದ್ದೀರಿ?”

“ಮೆತ್ತಗೆ ಮಾತಾಡು ತಾಯಿ, ಹಾರಿಹೋಗ್ತಾನೆ. ಅಲ್ಲಿ ನೋಡು.”

ಅನುಮಾನದಿಂದಲೇ ನೋಡಿದಳು. ಮೊದಲು ಕಂಡದ್ದು ತನ್ನ ಪೀಪಾಯಿಗಳು, ತುಕ್ಕಿನ ಚುಕ್ಕೆ ಎಣಿಸುವಷ್ಟು ಹತ್ತಿರ. ಆಮೇಲೆ, ಅವುಗಳ ಬುಡದಲ್ಲಿ ತಾನು ತೊಳೆದು ಚೆಲ್ಲಿದ್ದ ನೀರಿನಲ್ಲಿ, ಗೌಜಲಿನಂಥ ಹಕ್ಕಿಯೊಂದು ಕುಕ್ಕರಿಸಿ ಹೊಟ್ಟೆ ಉಜ್ಜುತ್ತಿತ್ತು.

“ಹೊಟ್ಟೆಗರಿ ನೆನೆಸ್ಕೊಂಡು ಹೋಗ್ತಾನೆ,” ಗಾಟ್ಲೀಬ್ ಪಿಸುಗುಟ್ಟಿದ. “ದೂರದ ಮರಳಲ್ಲಿ ಮರಿಗಳಿವೆ. ಆ ಗರಿ ಚೀಪಿ ನೀರು ಕುಡೀತಾವೆ.”

“ಅದರ ಪಕ್ಕದಲ್ಲಿರೋ ಪೀಪಾಯಿ ಕಾಣಲ್ವಾ ನಿಮ್ಗೆ?”

“ಮೂಗಿಲ್ವಾ ನಂಗೆ? ಮೊದಲನೇ ದಿನಾನೇ ಗೊತ್ತಾಯ್ತು.”

ಎಲ್ಫ್ರೀಡಾ ದುರ್ಬೀನು ಇಳಿಸಿ ಅವನ ಮುಖವನ್ನೇ ದಿಟ್ಟಿಸಿದಳು. ಪುಕ್ಕಟೆಯಾಗಿ ಬಾಯಿ ಮುಚ್ಚಿಕೊಂಡ ಪೊಲೀಸನನ್ನು ಅವಳು ಈವರೆಗೆ ಕಂಡಿರಲಿಲ್ಲ.

“ಸುಮ್ನಿರೋಕೆ ಏನು ಬೇಕು? ನೇರವಾಗಿ ಹೇಳ್ಬಿಡಿ.”

ಗಾಟ್ಲೀಬ್ ಸಂಕೋಚದಿಂದ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

“ನಿನ್ನೆ ನೀನು ಪೀಪಾಯಿ ತೊಳೀಲಿಲ್ಲ. ಇವನು ಬಂದು ಸುತ್ತಾಡಿ ಒಣ ಹೊಟ್ಟೇಲೇ ವಾಪಸ್ ಹೋದ. ಮರಿಗಳಿಗೆ ರೆಕ್ಕೆ ಬಲಿಯೋ ತನಕ ಆದ್ರೂ ಹೆಂಡ ಮಾಡೋದು ನಿಲ್ಲಿಸ್ಬೇಡ ತಾಯಿ.”