ಹಾರುವ ಚಿಟುಕಿಯ ಸಿನಿಮಾ

ಒದ್ದೆ ಸೀರೆ ಹಿಂಡಿ ಚಿಟುಕಿಯ ಕೈಗಿಟ್ಟೆ. ವಿಡಿಯೋ ಗೇಮ್ ನಿಂತುಹೋದರೆ, ಅದನ್ನು ಹೆಚ್ಚು ಆಡಿದವರ ಮನೆಗೆ ಅದರೊಳಗಿನವರನ್ನು ಕಳಿಸುತ್ತಾರಲ್ಲ, ಹಾಗೆ ನನ್ನ ಪಾಲಿಗೆ ಬಂದವಳು ಇವಳು. ಮೊದಲೆಲ್ಲ ನಗುತ್ತ ಮಾಳಿಗೆಗೇ ಹಾರಿ ಬಟ್ಟೆ ಹರವುತ್ತಿದ್ದಳು. ಆದರೆ ಆಟದಿಂದ ಬಂದ ಇವರನ್ನು ಸಿನಿಮಾದಲ್ಲಿ ಹೇಗೆ ತೋರಿಸುತ್ತಾರೋ ಹಾಗೆಯೇ ಆಗಿಬಿಡುತ್ತಾರೆ. ಅವಳ ಆಟವನ್ನು ಸಿನಿಮಾ ಮಾಡಿ, ಅದರಲ್ಲಿ ಅವಳನ್ನು ಹಾರಲು ಬಾರದ ಅಳುಬುರುಕಿ ಮಾಡಿದ್ದಾರೆ; ಅದು ಬಂದಾಗಿನಿಂದ ಅಳುತ್ತ ಮೆಟ್ಟಿಲು ಹತ್ತುತ್ತಾಳೆ.

“ಎರಡನೇ ಭಾಗದಾಗ ನಾ ಸಾಯ್ತೀನಂತ, ಆಯಿ.”

“ನಗೋ ಹುಡುಗೀನ ಕೊಲ್ತಾನಂತ? ಆ ನಿರ್ದೇಶಕ ನಿನ್ನ ಆಟ ಆಡಿ ನೋಡ್ಯಾನೇನು?”

“ಮೊದಲನೇ ತಗ್ಗಿನಾಗ ಬಿದ್ದು, ಸಾಕಂತ ಬಿಟ್ಟನಂತ.”

ಮೈ ಉರಿಯಿತು. ‘ಆಟದಲ್ಲಿದ್ದಂತೆ ಅವಳನ್ನು ನಗಲು, ಹಾರಲು ಬಿಡಿ’ ಎಂದು ಆರು ತಿಂಗಳ ಹಿಂದೆಯೇ ಅವನಿಗೆ ಪತ್ರ ಬರೆದಿದ್ದೆ. ರಾತ್ರಿಶಾಲೆಯಲ್ಲಿ ಕಲಿತ ನನ್ನ ಅಕ್ಷರಕ್ಕೆ ನಾಚಿ, ಕಳಿಸದೆ ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ತಪ್ಪು ಕಂಡು ನಗುವುದಾದರೆ ನಗಲಿ, ನಗುವುದನ್ನಾದರೂ ಕಲಿಯುತ್ತಾನೆ. ಒದ್ದೆ ಕೈಯಲ್ಲೇ ಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕಿಬಂದೆ.