ಅಜ್ಮತ್ ಉಲ್ಲಾ ತಂದ ನಾಲ್ಕು ಕಂಪ್ಯೂಟರು

"ಇನ್ನ ಮೂರು ಎಲ್ಲಿ ಸಾಬ್ರೇ?" ಎಂದು ಬೆಟ್ಟಮ್ಮ ಕೇಳಿದಾಗ ಅಜ್ಮತ್ ಉಲ್ಲಾ ಟೆಂಪೋದ ಹಿಂಬಾಗಿಲು ಹಾಕುತ್ತಿದ್ದ.

"ಯಾವ ಮೂರು ಅಕ್ಕಾ?"

ಬೆಟ್ಟಮ್ಮ ನಾಗಮಂಗಲದ ಬೀಜ-ಗೊಬ್ಬರದ ಸಂಘದಲ್ಲಿ ಸ್ಟೋರು ನೋಡಿಕೊಳ್ಳುವವಳು. ಸಂಘ ತನ್ನ ಪಾಂಡವಪುರದ ಆಫೀಸು ಮುಚ್ಚಿ ಸಾಮಾನನ್ನೆಲ್ಲ ಇಲ್ಲಿಗೆ ಸಾಗಿಸುತ್ತಿತ್ತು. ಅವಳು ಚೀಟಿಯನ್ನು ಅವನ ಮುಖದ ಮುಂದೆ ಹಿಡಿದು ಓದಿದಳು. "ಕಂಪ್ಯೂಟರು ನಾಲ್ಕು. ನಂಬರು ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಕೆಳಗೆ ನಿಮ್ದೇ ರುಜು." ರುಜು ಅವನದೇ. ಅಜ್ಮತ್ ಉಲ್ಲಾನಿಗೆ ಕನ್ನಡ ಮಾತು ಗಿಣಿಯಂತೆ ಬರುತ್ತದೆ, ಓದಲು ಬಾರದು. ಪಾಂಡವಪುರದಲ್ಲಿ ಹಗ್ಗ ಬಿಗಿಯುತ್ತಿದ್ದಾಗ ಆಫೀಸಿನ ಕಂಪ್ಯೂಟರು ನೋಡಿಕೊಳ್ಳುವ ಲೋಕೇಶ್ ಚೀಟಿ ಚಾಚಿದ್ದ, ಇವನು ಗೀಚಿಬಿಟ್ಟಿದ್ದ.

ಟೆಂಪೋದಲ್ಲಿ ಇದ್ದದ್ದು ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಪರದೆ, ಒಂದು ಕೀಬೋರ್ಡು, ಮಿಕ್ಕಿದ್ದೆಲ್ಲ ಹುಲ್ಲು. ಅವನು ಹುಲ್ಲನ್ನೆಲ್ಲ ಕೆದಕಿದ. ಸೀಟಿನ ಕೆಳಗೂ ಬಗ್ಗಿ ನೋಡಿದ, ಜಾಕಿ ಸಿಕ್ಕಿತು.

"ಎಲ್ಲೂ ನಿಲ್ಸಿಲ್ಲ ಅಕ್ಕಾ. ಜಕ್ಕನಹಳ್ಳಿಲಿ ಒಂದು ಟೀ ಕುಡ್ದೆ, ಅಷ್ಟೆಯ."

"ಅಂಗಾರೆ ಟೀ ಅಂಗ್ಡಿಲೇ ಬುಟ್ಟಿರ್ಬೇಕು."

ಅವಳಿಗೆ ತಮಾಷೆ, ಇವನಿಗೆ ಮಾನದ ಪ್ರಶ್ನೆ. ಇಪ್ಪತ್ತೆರಡು ವರ್ಷ ಸ್ಟೀರಿಂಗು ಹಿಡಿದವನು, ಒಂದು ಚೀಲ ಕಮ್ಮಿ ಮಾಡಿದವನಲ್ಲ. ಸಂತೆಬಾಚಹಳ್ಳಿ ಸಂತೆಯಿಂದ ಗಬ್ಬದ ಎಮ್ಮೆಯೊಂದನ್ನು ತರುವಾಗ ದಾರಿಯಲ್ಲೇ ಅದು ಕರು ಹಾಕಿ, ಒಂದು ಏರಿಸಿ ಎರಡು ಇಳಿಸಿದ ಸಾಬ್ರು ಎಂದು ತಾಲ್ಲೂಕೆಲ್ಲ ಹೆಸರಾಗಿದ್ದವನು. ಈಗ ಬೆಟ್ಟಮ್ಮ 'ಮೂರು ಕಮ್ಮಿ' ಎಂದು ಬರೆದರೆ ಆ ಹೆಸರೂ ಹೋಯಿತು, ಸಂಘದ ಬಾಡಿಗೆಯೂ ಹೋಯಿತು. ಅವನಿಗೆ ನಿಜವಾಗಿ ಅಳು ಬಂತು.

ಅಷ್ಟರಲ್ಲಿ ಬಸ್ಸಿಳಿದು ಲೋಕೇಶ್ ಬಂದ, ಬೀಗರ ಮನೆಗೆ ಬಂದವನಂತೆ ಕ್ರಾಪು ತೀಡಿಕೊಳ್ಳುತ್ತಾ.

"ಲೇ ಲೋಕೇಶ, ನಾಲ್ಕು ಅಂತ ಬರ್ದು ಒಂದು ಕೊಟ್ಟಿದೀಯಲ್ಲಪ್ಪಾ. ನನ್ ಮಾನ ಕಳೀಬೇಕು ಅಂತಾನಾ?"

"ಒಂದಲ್ಲ ಸಾಬ್ರೇ, ನಾಲ್ಕೂ ಬಂದವೆ. ಇನ್ನ ಮೂರು ಇದ್ರೊಳ್ಗೇ ಅವೆ." ಹೋದ ತಿಂಗಳು ಮೈಸೂರಿನಿಂದ ಹೊಸ ಸೀಡಿ ತಂದು ಹಾಕಿದ್ದನಂತೆ. ಆ ಒಂದು ಪೆಟ್ಟಿಗೆಯೊಳಗೆ ಕಬ್ಬಿಣವಿಲ್ಲದ, ಬರೀ ಪ್ರೋಗ್ರಾಮಿನ ಮೂರು ಕಂಪ್ಯೂಟರು ಮಾಡಿ, ಬೀಜಕ್ಕೊಂದು, ಗೊಬ್ಬರಕ್ಕೊಂದು, ಸಂಬಳಕ್ಕೊಂದು ಬಿಟ್ಟಿದ್ದಾನಂತೆ. "ಮಿಷನ್ಗೊಂದು ನಂಬರು ಅಂತ ರೂಲ್ಸು. ಅದುಕ್ಕೆ ರಿಜಿಸ್ಟ್ರಲ್ಲಿ ನಾಲ್ಕು ಸಾಲು ಬರ್ದೆ."

"ಕಣ್ಣಿಗ್ ಕಾಣ್ದೇ ಇರದುಕ್ಕೆ ನಾನು ರುಜು ಆಕಕಿಲ್ಲ," ಎಂದಳು ಬೆಟ್ಟಮ್ಮ. "ತೋರ್ಸು."

ಲೋಕೇಶ್ ವೈರು ಸಿಕ್ಕಿಸಿ ಗುಂಡಿ ಒತ್ತಿದ. ಪರದೆಯ ಮೇಲೆ ಮೂರು ಚೌಕಗಳು ಎದ್ದವು. ಒಂದರಲ್ಲಿ ರಾಗಿ ಬೀಜದ ಪಟ್ಟಿ, ಒಂದರಲ್ಲಿ ಯೂರಿಯಾ, ಮತ್ತೊಂದರಲ್ಲಿ ಬೆಟ್ಟಮ್ಮನ ಹೆಸರೇ. ಅವಳು ಅಷ್ಟಕ್ಕೆಲ್ಲ ಬಗ್ಗುವ ಪೈಕಿಯಲ್ಲ.

"ಬ್ಯಾರೆ ಬ್ಯಾರೆ ಮಿಷನ್ನು ಅಂದ್ಯಲ್ಲ. ಗೊಬ್ಬರದ್ನ ಆರ್ಸು ನೋಡಾನ."

ಆರಿಸಿದ. ಯೂರಿಯಾ ಹೋಯಿತು, ರಾಗಿಯೂ ಬೆಟ್ಟಮ್ಮನೂ ಹಾಗೇ ಉಳಿದರು. "ಸರಿ, ಒಪ್ಪಿದೆ ಬುಡು," ಎಂದಳು. ಅಜ್ಮತ್ ಉಲ್ಲಾ ಗೋಡೆಗೊರಗಿ ಕೂತು, ಟೋಪಿ ತೆಗೆದು ಬೆವರು ಒರೆಸಿಕೊಂಡ. ಜೀವ ಬಂದ ಮೇಲೆ ಅವನಿಗೊಂದು ಅನುಮಾನವೂ ಬಂತು.

"ಲೋಕೇಶ, ಈ ದೊಡ್ಡದ್ನೇ ಆರ್ಸುದ್ರೆ?"

"ನಾಲ್ಕೂ ಓಯ್ತವೆ."

"ಅದು ರಿಜಿಸ್ಟ್ರಲ್ಲಿ ಎಲ್ಲದೆ? ನಾಳೆ ಯಾರೋ ಸಾಹೇಬ್ರು ಬಂದು, ಅನ್ನೊಂದ್ನೇ ನಂಬ್ರು ಅಳೇದಾಯ್ತು, ಎತ್ಕೊಂಡೋಗು ಸಾಬಿ ಅಂತಾರೆ. ನಾನು ಎತ್ಕೊಂಡೋಯ್ತೀನಿ. ನಿಮ್ಮಿಬ್ರ ಸಂಬ್ಳಾನೂ ನನ್ ಟೆಂಪೋದಲ್ಲೇ ಓಯ್ತದೆ ಕಣ್ಲಾ."

ಸೀಡಿ ಓದಿದವನಿಗೆ ಹೊಳೆಯದ್ದು ಹುಲ್ಲು ಕೆದಕಿದವನಿಗೆ ಹೊಳೆದಿತ್ತು. ಬೆಟ್ಟಮ್ಮ ರಿಜಿಸ್ಟರು ಎಳೆದುಕೊಂಡು, ಸ್ಕೇಲಿಟ್ಟು ಹೊಸ ಗೆರೆ ಎಳೆದು, ಮೇಲೆ 'ಯಾವುದರ ಒಳಗೆ?' ಎಂದು ಬರೆದಳು. ಹನ್ನೆರಡು, ಹದಿಮೂರು, ಹದಿನಾಲ್ಕರ ಮುಂದೆ 'ಹನ್ನೊಂದರ ಒಳಗೆ' ಎಂದು ತುಂಬಿದಳು. ಹನ್ನೊಂದರ ಮುಂದೆ ಏನು ಬರೆಯುವುದೋ ತೋಚದೆ ಖಾಲಿ ಬಿಟ್ಟಳು.

ಆಮೇಲೆ ಅಜ್ಮತ್ ಉಲ್ಲಾನ ಚೀಟಿ ತೆಗೆದುಕೊಂಡು 'ನಾಲ್ಕೂ' ಎಂದು ಬರೆಯುವಷ್ಟರಲ್ಲಿ ಫ್ಯಾನು ನಿಧಾನವಾಗಿ ನಿಂತಿತು. ಪರದೆ ಕಪ್ಪಾಯಿತು. ಮಧ್ಯಾಹ್ನ ಮೂರಕ್ಕೆ ನಾಗಮಂಗಲದಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಆದರೆ ಬೆಟ್ಟಮ್ಮನ ಪೆನ್ನೂ ನಿಂತುಬಿಟ್ಟಿತು.

"ಬರೀರಿ ಅಕ್ಕಾ, ನಿಲ್ಲಿಸ್ಬ್ಯಾಡಿ," ಅಜ್ಮತ್ ಉಲ್ಲಾ ಎದ್ದು ನಿಂತ. "ಈಗ ತಾನೇ ನೋಡುದ್ರಲ್ಲ, ಖುದಾ ಕಸಂ ಎಲ್ಲಾ ಇದ್ವು."

ಬೆಟ್ಟಮ್ಮ ಕಿಟಕಿಯ ಬೆಳಕಿಗೆ ಹೋಗಿ, ಕಪ್ಪಾದ ಪರದೆಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ, ಬರೆದು ರುಜು ಹಾಕಿ ಚೀಟಿ ಕೊಟ್ಟಳು. ಅವನು ಅದನ್ನು ಲೋಕೇಶನ ಕೈಗೆ ತುರುಕಿ, "ಓದ್ಲಾ ಬಿರ್ನೆ" ಎಂದ.

ಲೋಕೇಶ್ ಓದಿದ: "ನಾಲ್ಕೂ ತಲುಪಿವೆ. ಕರೆಂಟು ತಲುಪಿಲ್ಲ."